ರೈಸ್ ಬರೆದಿಟ್ಟ ಕಲ್ಲುಗಳನ್ನು ಹುಡುಕುತ್ತಾ ನೆಲಮಂಗಲ ತಾಲ್ಲೂಕು ಸುತ್ತಿದ್ದು

ನಮ್ಮಮ್ಮನ ತವರು ನೆಲಮಂಗಲ ತಾಲ್ಲೂಕಿನ ಒಂದು ಚಿಕ್ಕ ಊರು. ಅಲ್ಲಿ ಸೇದೋ ಬಾವಿ ಪಕ್ಕ ಒಂದು ಕಲ್ಲು ನಿಂತಿತ್ತು. ನಮ್ಮ ಸೊಂಟದಷ್ಟು ಎತ್ತರ. ಅದರ ಮೇಲೆ ಕತ್ತಿ ಹಿಡಿದ ಒಬ್ಬ ಮನುಷ್ಯ. ಮುಖ ಪೂರ್ತಿ ಸವೆದಿತ್ತು. ಅಜ್ಜಿ ಬೆಳಗ್ಗೆ ನೀರು ಸೇದಿದರೆ ಮೊದಲ ಚೊಂಬು ಅವನಿಗೆ. ಆಮೇಲೆ ಮನೆಗೆ. "ಅವನು ಈರಗಾರ ಕಣವ್ವಾ, ಊರಿಗೋಸ್ಕರ ಸತ್ತೋನು" ಅನ್ನುತ್ತಿದ್ದಳು. ಹೆಸರು ಅವಳಿಗೂ ಗೊತ್ತಿರಲಿಲ್ಲ.

ಅಜ್ಜಿ ಹೋದಳು. ಬೋರ್‌ವೆಲ್ ಬಂತು, ಬಾವಿ ಮುಚ್ಚಿದರು, ರಸ್ತೆ ಅಗಲ ಮಾಡಿದರು. ಒಂದು ವರ್ಷ ಹಬ್ಬಕ್ಕೆ ಹೋದಾಗ ನೋಡಿದರೆ ಕಲ್ಲು ಇಲ್ಲ. ಮಾವನನ್ನು ಕೇಳಿದೆ. "ಜೆಸಿಬಿ ಬಂದಿತ್ತಲ್ಲ, ಮಣ್ಣಿನ ಜೊತೆ ಹೋಗಿರಬೇಕು" ಅಂದರು. ಎಲ್ಲಿಗೆ ಹೋಯಿತು ಅಂತ ಯಾರೂ ನೋಡಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಹತ್ತಿರ ಅದರದ್ದು ಒಂದು ಫೋಟೋ ಕೂಡ ಇರಲಿಲ್ಲ.

ಹಾಗೆ ಶುರುವಾದದ್ದು ಇದು. ಮೂರು ವರ್ಷದಿಂದ ಭಾನುವಾರ ಬಂದರೆ ನಾನು, ನನ್ನ ತಮ್ಮ ಬೈಕ್ ಹತ್ತಿ ತಾಲ್ಲೂಕು ಸುತ್ತುತ್ತೇವೆ. ಹಳೇ ಶಾಸನ, ಕಾದಾಡಿ ಸತ್ತವರ ವೀರಗಲ್ಲು, ಗಂಡನ ಜೊತೆ ಚಿತೆ ಏರಿದ ಹೆಂಗಸರ ಮಾಸ್ತಿಗಲ್ಲು, ಗಡಿಕಲ್ಲು ಎಲ್ಲಿವೆ, ಹೇಗಿವೆ ಅಂತ ಬರೆದಿಡುತ್ತೇವೆ. ನಮ್ಮಂಥವರು ಬೇರೆ ತಾಲ್ಲೂಕುಗಳಲ್ಲೂ ಇರಬಹುದು, ಶುರು ಮಾಡಬೇಕು ಅಂತಿರಬಹುದು. ಅವರಿಗೆ ಉಪಯೋಗವಾಗಲಿ ಅಂತ ನಾವು ಏನು ಮಾಡಿದೆವು, ಎಲ್ಲಿ ತಪ್ಪಿದೆವು ಅನ್ನೋದನ್ನು ಹೇಳುತ್ತೇನೆ.

ಮೊದಲು ಬೇಕಾದದ್ದು ಒಂದು ಪಟ್ಟಿ. ಆ ಪಟ್ಟಿಯನ್ನು ನಮಗೆ ಬಿ.ಎಲ್. ರೈಸ್ ಆಗಲೇ ಮಾಡಿಟ್ಟು ಹೋಗಿದ್ದಾರೆ. ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಅವೆನ್ಯೂ ರಸ್ತೆಯಲ್ಲಿರುವ ರೈಸ್ ಚರ್ಚು ಅವರ ತಂದೆಯ ನೆನಪಿನದು. ಶಾಲೆಗಳ ಇನ್‌ಸ್ಪೆಕ್ಟರ್ ಆಗಿ ಊರೂರು ತಿರುಗುವಾಗಲೇ ಅವರ ಕಣ್ಣಿಗೆ ಈ ಕಲ್ಲುಗಳು ಬಿದ್ದವು. ಕೊನೆಗೆ 'ಎಪಿಗ್ರಾಫಿಯಾ ಕರ್ನಾಟಿಕಾ' ಅಂತ 12 ಸಂಪುಟ, ಸುಮಾರು 9,000 ಶಾಸನ. ಬೆಂಗಳೂರು ಜಿಲ್ಲೆಯದು 9ನೇ ಸಂಪುಟ, 1905ರದು. ಇಂಟರ್ನೆಟ್ಟಿನಲ್ಲಿ ಸ್ಕ್ಯಾನ್ ಪ್ರತಿ ಪುಕ್ಕಟೆ ಸಿಗುತ್ತದೆ.

ಆ ಪುಸ್ತಕದಲ್ಲಿ ಶಾಸನಗಳಿಗೆ ತಾಲ್ಲೂಕುವಾರು ನಂಬರ್ ಕೊಟ್ಟಿದ್ದಾರೆ. ನೆಲಮಂಗಲದ್ದೇ ಒಂದು ಸಾಲು, ದೇವನಹಳ್ಳಿಯದು ಒಂದು, ಮಾಗಡಿಯದು ಒಂದು. ಆಗ ಇದೆಲ್ಲ ಒಂದೇ ಜಿಲ್ಲೆ. 1986ರಲ್ಲಿ ಗ್ರಾಮಾಂತರ ಜಿಲ್ಲೆ ಬೇರೆಯಾಯಿತು, 2007ರಲ್ಲಿ ಮಾಗಡಿ, ಚನ್ನಪಟ್ಟಣ, ಕನಕಪುರ ಎಲ್ಲ ರಾಮನಗರದ ಪಾಲಾದವು. ಹೀಗಾಗಿ ಈಗಿನ ಜಿಲ್ಲೆಯ ಹೆಸರು ಹಿಡಿದು ಹುಡುಕಿದರೆ ಸಿಗಲ್ಲ, ತಾಲ್ಲೂಕಿನ ಹೆಸರು ಹಿಡಿಯಬೇಕು. ಹೋಬಳಿಗಳೂ ಆಗಿನಂತೆ ಈಗ ಇಲ್ಲ.

ಕನ್ನಡ ಪಾಠದ ಭಾಗದಲ್ಲಿ ಪ್ರತಿ ಶಾಸನದ ತಲೆಯ ಮೇಲೆ ಊರು, ಕಲ್ಲು ನಿಂತಿರುವ ಜಾಗ, ಜೊತೆಗೆ 'ಪ್ರಮಾಣ' ಅಂತ ಅಡಿ, ಅಂಗುಲದಲ್ಲಿ ಅಳತೆ ಇರುತ್ತದೆ. ಮೊದಮೊದಲು ಈ ಅಳತೆಯನ್ನು ನಾನು ಗಮನಿಸಲೇ ಇಲ್ಲ. ಅದೇ ಎಲ್ಲಕ್ಕಿಂತ ಮುಖ್ಯ ಅಂತ ಆಮೇಲೆ ಗೊತ್ತಾಯಿತು. ನೂರಿಪ್ಪತ್ತು ವರ್ಷದಲ್ಲಿ ಊರು ಜರುಗಿರುತ್ತೆ, ಗುಡಿ ಬಿದ್ದಿರುತ್ತೆ, ಅಕ್ಷರ ಮಾಸಿರುತ್ತೆ. ಕಲ್ಲಿನ ಉದ್ದ ಅಗಲ ಮಾತ್ರ, ಯಾರೂ ಒಡೆಯದಿದ್ದರೆ, ಹಾಗೇ ಇರುತ್ತೆ. ಈಗ ನನ್ನ ಚೀಲದಲ್ಲಿ ಟೇಪ್ ಇಲ್ಲದೆ ಮನೆ ಬಿಡಲ್ಲ.

ಒಂದು ಉದ್ದನೆ ನೋಟ್‌ಬುಕ್ಕಿನಲ್ಲಿ ಊರು, ಜಾಗ, ಅಳತೆ, ಕಾಲ, ವಿಷಯ ಅಂತ ಕಾಲಂ ಹಾಕಿ ಇಳಿಸಿಕೊಂಡೆ. ಮೊದಲ ಭಾನುವಾರ ಮೂರು ಊರು ಅಂತ ಹೊರಟೆವು. ಒಂದೂ ಸಿಗಲಿಲ್ಲ. 'ಊರಿನ ಪಶ್ಚಿಮಕ್ಕೆ ಬಸವನ ಗುಡಿ ಮುಂದೆ' ಅಂತ ಪುಸ್ತಕ ಹೇಳುತ್ತೆ. ಈಗ ಆ ಊರಿನಲ್ಲಿ ಬಸವನ ಗುಡಿ ಇರುವುದು ಪೂರ್ವಕ್ಕೆ, ಅದೂ ಹೊಸದು. ಇನ್ನೊಂದು ಹೆಸರಿನ ಊರು ಎರಡಿದ್ದವು. ಮೂರನೆಯ ಊರಿನ ದಾರಿ ಕೇಳಿದರೆ ಎಲ್ಲರೂ ಇಲ್ಲ ಅಂತ ತಲೆ ಆಡಿಸಿದರು. ಅದು ಬೇಚರಾಕ್ ಗ್ರಾಮ ಅಂತ ಆಮೇಲೆ ತಿಳಿಯಿತು. ಅಂದರೆ ಕಂದಾಯದ ದಾಖಲೆಯಲ್ಲಿ ಊರಿನ ಹೆಸರಿದೆ, ಜನ ಇಲ್ಲ, ಬರೀ ಹೊಲ. ಪ್ಲೇಗೋ ಬರವೋ ಬಂದು ಜನ ಬಿಟ್ಟು ಹೋದ ಇಂಥ ಊರುಗಳು ನಮ್ಮ ಕಡೆ ಇವೆ.

ಇದಕ್ಕೆ ಸಹಾಯಕ್ಕೆ ಬಂದದ್ದು ಫೋನಿನಲ್ಲಿರುವ ದಿಶಾಂಕ್ ಆ್ಯಪ್. ಎಲ್ಲಿ ನಿಂತಿದ್ದೀವೋ ಆ ಜಾಗದ ಸರ್ವೆ ನಂಬರ್, ಗ್ರಾಮದ ಹೆಸರು ತೋರಿಸುತ್ತೆ. ಜನರಿಲ್ಲದ ಗ್ರಾಮದ ಹೆಸರೂ ಅದರಲ್ಲಿ ಬರುತ್ತೆ. ಮೂರು ವಾರದ ನಂತರ ಅದೇ ಬೇಚರಾಕ್ ಗ್ರಾಮದ ಎಲ್ಲೆಯೊಳಗೆ, ಒಂದು ಹುಣಸೆ ಮರದ ಬುಡದಲ್ಲಿ, ಕತ್ತಿನವರೆಗೆ ಹೂತುಹೋದ ವೀರಗಲ್ಲು ಸಿಕ್ಕಿತು. ತಮ್ಮ ಸುಮ್ನೆ ನಿಂತುಬಿಟ್ಟ. ಅಷ್ಟು ದೊಡ್ಡ ಬಯಲಲ್ಲಿ ಒಂದು ಊರು ಇತ್ತು ಅನ್ನೋದಕ್ಕೆ ಉಳಿದ ಗುರುತು ಅದೊಂದೇ.

ಫೋನಿಗಿಂತ ಜಾಸ್ತಿ ಸಹಾಯ ಮಾಡಿದವರು ವಯಸ್ಸಾದವರು. ಕೇಳುವುದಕ್ಕೂ ಒಂದು ರೀತಿ ಇದೆ. "ಇಲ್ಲಿ ಶಾಸನ ಇದೆಯಾ?" ಅಂದರೆ ಯಾರಿಗೂ ಅರ್ಥ ಆಗಲ್ಲ. ಕೆಲವರಿಗೆ ಅನುಮಾನವೂ ಬರುತ್ತೆ. "ನಿಧಿ ಗಿಧಿ ಹುಡುಕೋಕೆ ಬಂದ್ರೇನವ್ವಾ?" ಅಂತ ನೇರವಾಗೇ ಕೇಳಿದ್ದಾರೆ. ಆ ಅನುಮಾನ ತಪ್ಪಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ನಾವೀಗ ಮೊದಲು ಅರಳಿಕಟ್ಟೆ ಮೇಲೆ ಕೂರುತ್ತೇವೆ. ನಾವು ಯಾರ ಮನೆಯವರು, ತವರು ಯಾವುದು ಅಂತ ಹೇಳುತ್ತೇವೆ. ಆಮೇಲೆ "ತಾತ, ಈರಗಾರರ ಕಲ್ಲು ಇದೆಯಾ? ಬರಹದ ಕಲ್ಲು? ಹಳೇ ಊರು ಎಲ್ಲಿತ್ತು?" ಅಂತ ಕೇಳುತ್ತೇವೆ. 'ಹಳೇ ಊರು' ಅಂದ ಕೂಡಲೇ ಮಾತು ಬಿಚ್ಚಿಕೊಳ್ಳುತ್ತೆ. ಬಸವನ ಗುಡಿ ಮೊದಲು ಎಲ್ಲಿತ್ತು, ಕೋಟೆ ಬಾಗಿಲು ಎಲ್ಲಿತ್ತು, ಎಲ್ಲ ಅವರ ಕಣ್ಣಮುಂದಿದೆ. ಪುಸ್ತಕದ ಪಶ್ಚಿಮ ಅವರ ನೆನಪಿನ ಊರಿನ ಪಶ್ಚಿಮ.

ಕಲ್ಲು ಸಿಕ್ಕ ಮೇಲೆ ಓದುವ ಕೆಲಸ. ನನಗೆ ಹಳೆಯ ಲಿಪಿ ಏನೂ ಬರುತ್ತಿರಲಿಲ್ಲ. ಕಲಿಯೋದಕ್ಕೆ ಅಂತ ಮೊದಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಹೋದೆ. ಅಲ್ಲಿ ಬೇಗೂರಿನ ದೊಡ್ಡ ವೀರಗಲ್ಲು ಇದೆ. ಗಂಗರ ಕಾಲದ್ದು. ತುಂಬೆಪಾಡಿಯ ಯುದ್ಧದಲ್ಲಿ ಆನೆಗಳ ಮಧ್ಯೆ ನುಗ್ಗಿ ಸತ್ತ ನಾಗತ್ತರನ ಕಲ್ಲು. ಆನೆ, ಕುದುರೆ, ಬಿದ್ದ ಹೆಣ ಎಲ್ಲ ಒತ್ತೊತ್ತಾಗಿ ಕೆತ್ತಿದ್ದಾರೆ. ಎದುರಿಗೆ ನಿಂತರೆ ಗದ್ದಲ ಕೇಳಿಸುವಂತಿದೆ.

ಬೇಗೂರಿಗೂ ಹೋದೆ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ಚಿಕ್ಕ ಶಾಸನ ಇದೆ, ಸುಮಾರು ಕ್ರಿ.ಶ. 890ರದು. 'ಬೆಂಗಳೂರ ಕಾಳಗ'ದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತ ಅನ್ನೋದು ವಿಷಯ. ಬೆಂಗಳೂರು ಅನ್ನೋ ಹೆಸರು ಕಲ್ಲಿನ ಮೇಲಿದೆ! ಬೆಂದಕಾಳಿನ ಕಥೆಯಲ್ಲಿ ಬರುವ ವೀರಬಲ್ಲಾಳನಿಗಿಂತ ಸುಮಾರು 300 ವರ್ಷ ಮುಂಚೆ. ಮಗ ಸತ್ತ ಜಾಗದ ಹೆಸರು ಬರೆಸಿದ್ದಕ್ಕೆ ಇವತ್ತು ನಮಗೆ ಊರಿನ ವಯಸ್ಸು ಗೊತ್ತಾಗಿದೆ.

ಹೆಬ್ಬಾಳದ ಕಿಟ್ಟಯ್ಯನ ಕಲ್ಲು ಇನ್ನೂ ಹಳೆಯದು, ಸುಮಾರು 750ರ ಹೊತ್ತಿನದು, ಗಂಗರ ರಾಜ ಶ್ರೀಪುರುಷನ ಕಾಲದ್ದು. ಅದು ಜನರ ಕಣ್ಣಿಗೆ ಬಿದ್ದದ್ದು 2018ರಲ್ಲಿ. ಅಷ್ಟು ಜನ ಓಡಾಡುವ ಹೆಬ್ಬಾಳದಲ್ಲಿ ಸುಮ್ಮನೆ ಬಿದ್ದಿದ್ದ ಕಲ್ಲು. ಆ ಸುದ್ದಿ ಓದಿದಾಗಿನಿಂದ ಯಾವ ಮೋರಿ ಚಪ್ಪಡಿಯನ್ನೂ ನಾನು ನೋಡದೆ ದಾಟಲ್ಲ.

ಶ್ರೀಪುರುಷ ಅಂದರೆ ನಮ್ಮ ತಾಲ್ಲೂಕಿನವರಿಗೆ ದೂರದ ರಾಜ ಅಲ್ಲ. ಅವನ ಮಾನ್ಯಪುರವೇ ಈಗಿನ ನಮ್ಮ ಮಣ್ಣೆ. ಗಂಗರ ರಾಜಧಾನಿ. ಈಗ ಅದೊಂದು ಸಾಮಾನ್ಯ ಹಳ್ಳಿ. ಕಪಿಲೇಶ್ವರ, ಸೋಮೇಶ್ವರ ದೇವಸ್ಥಾನಗಳಿವೆ. ಶಿವಗಂಗೆ ಬೆಟ್ಟಕ್ಕೆ ವಾರವಾರ ಬೆಂಗಳೂರಿಂದ ಜನ ಬರುತ್ತಾರೆ. ಮಣ್ಣೆಗೆ ಯಾರು ಬರುತ್ತಾರೆ? ಸಾವಿರದಿನ್ನೂರು ವರ್ಷದ ಹಿಂದೆ ರಾಜ್ಯ ಆಳಿದ ಊರು ಇದು ಅಂತ ನಮ್ಮ ಮಕ್ಕಳಿಗೆ ಸ್ಕೂಲಿನಲ್ಲಿ ಹೇಳಬೇಕು. ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡದಾಗಿ ಬರೆಸಬೇಕು.

ಓದುವ ವಿಷಯಕ್ಕೆ ಬರುತ್ತೇನೆ. ಗಂಗರ ಕಾಲದ ಅಕ್ಷರ ನನಗಿನ್ನೂ ಕಷ್ಟ. ಈಗ ಬಳಕೆಯಲ್ಲಿಲ್ಲದ ೞ, ಱ ಎಲ್ಲ ಬರುತ್ತವೆ. ವಿಜಯನಗರ ಕಾಲದ್ದಾದರೆ ತಾಳ್ಮೆ ಇರುವ ಯಾರು ಬೇಕಾದರೂ ಓದಬಹುದು. 'ಶುಭಮಸ್ತು' ಅಂತ ಶುರುವಾಗುತ್ತೆ, ಆಮೇಲೆ 'ಸ್ವಸ್ತಿ ಶ್ರೀ', ಆಮೇಲೆ ಶಕ ವರ್ಷ, ಸಂವತ್ಸರದ ಹೆಸರು. ಶಕಕ್ಕೆ 78 ಕೂಡಿಸಿದರೆ ನಮ್ಮ ಇಸವಿ. ಶಕ 1350 ಕೀಲಕ ಸಂವತ್ಸರ ಅಂತಿದ್ದರೆ 1428, ಅಂದರೆ ಪ್ರೌಢದೇವರಾಯನ ಕಾಲ. ಸಂವತ್ಸರ, ಶಕ ಎರಡೂ ಹೊಂದಿದರೆ ಸರಿಯಾಗಿ ಓದಿದ್ದೀವಿ ಅಂತ ಧೈರ್ಯ.

ಕಲ್ಲು ತೊಳೆಯಲು ಬರೀ ನೀರು, ಮೆತ್ತನೆ ಬ್ರಷ್ಷು, ತೆಂಗಿನ ನಾರು. ಕಂಬಿ ಬ್ರಷ್ ಬೇಡ, ಆಸಿಡ್ ಖಂಡಿತ ಬೇಡ. ಅಕ್ಷರ ಕಾಣಲಿ ಅಂತ ಸುಣ್ಣ, ಚಾಕ್‌ಪೀಸು, ಬಣ್ಣ ತುಂಬುವುದೂ ಬೇಡ. ಕಾಣಿಸಬೇಕಾದರೆ ಕತ್ತಲಾಗಲಿ ಅಂತ ಕಾಯಬೇಕು. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಹೆಚ್ಚುಕಡಿಮೆ ಕಲ್ಲಿಗೇ ತಾಗಿಸಿದಂತೆ ಹಿಡಿಯಬೇಕು. ಆಗ ನೋಡಿ, ಹಗಲಲ್ಲಿ ಬೋಳಾಗಿದ್ದ ಕಲ್ಲಿನ ಮೇಲೆ ನೆರಳು ಕೂತು ಸಾಲುಸಾಲಾಗಿ ಅಕ್ಷರ ಎದ್ದು ಬರುತ್ತವೆ. ಟಾರ್ಚು ಸ್ವಲ್ಪ ಮೇಲೆತ್ತಿದರೆ ಮತ್ತೆ ಮಾಯ. ತಮ್ಮ ಟಾರ್ಚು ಹಿಡಿಯುತ್ತಾನೆ, ನಾನು ಮಂಡಿಯೂರಿ ಒಂದೊಂದೇ ಅಕ್ಷರ ಬರೆದುಕೊಳ್ಳುತ್ತೇನೆ. ಮೊದಲ ಸಲ 'ಕೆರೆಯ' ಅನ್ನೋ ಪದ ಹಾಗೆ ಎದ್ದು ಬಂದಾಗ ನನಗೆ ಮೈ ಜುಂ ಅಂದಿತ್ತು.

ಒಂದು ಊರಿನ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು. ಊರಿನ ಹೆಸರು ಬೇಡ. ಪುಸ್ತಕದ ಪ್ರಕಾರ ಅಲ್ಲೊಂದು ಕೊಡಗೆ ಶಾಸನ ಇರಬೇಕು. ಕೆರೆ ಏರಿ ಕಟ್ಟಿದವನಿಗೋ ರಿಪೇರಿ ಮಾಡಿದವನಿಗೋ ಕೆರೆ ಕೆಳಗೆ ಗದ್ದೆ ಬಿಟ್ಟುಕೊಟ್ಟರೆ ಅದನ್ನು ಕೊಡಗೆ ಅನ್ನುತ್ತಿದ್ದರು. ನಾವು ಮೂರು ಸಲ ಹೋದೆವು. ಇಲ್ಲ. ನಾಲ್ಕನೇ ಸಲ ಒಬ್ಬ ಅಜ್ಜಿ ರಾಗಿ ಹಸನು ಮಾಡುತ್ತಾ ಕೂತಿದ್ದಳು. "ಬರಹದ ಕಲ್ಲಾ? ನಮ್ಮಾವ ಹೇಳೋರು, ಮೋರಿಗೆ ಹಾಕವ್ರೆ ಅಂತ" ಅಂದಳು. ಕಾಲುವೆ ದಾಟಲು ಹಾಕಿದ್ದ ಚಪ್ಪಡಿಗಳು ಒಟ್ಟು ಮೂರು. ಟೇಪ್ ಹಿಡಿದೆ. ಎರಡು ಹೊಂದಲಿಲ್ಲ. ಮೂರನೆಯದರ ಉದ್ದ ಪುಸ್ತಕದಲ್ಲಿದ್ದಷ್ಟೇ. ಅಗಲವೂ ಅಷ್ಟೇ. ಮೇಲ್ಭಾಗ ಗಾಡಿ ಓಡಾಡಿ ನುಣ್ಣಗಾಗಿತ್ತು. ಕೈ ಕೆಳಗೆ ತೂರಿಸಿ ತಡವಿದೆ. ಬೆರಳಿಗೆ ಗೀರು ಗೀರಾಗಿ ಸಿಕ್ಕಿತು.

ಊರಿನವರೇ ಮುಂದೆ ಬಂದರು. ಮುಂದಿನ ಭಾನುವಾರ ಹತ್ತು ಜನ, ನಾಲ್ಕು ಹಾರೆ, ಹಗ್ಗ, ಕೆಳಗೆ ಹಾಕಲು ಹಳೇ ಟೈರು. ಕಾಲುವೆಗೆ ಬೇರೆ ಚಪ್ಪಡಿ ಮೊದಲೇ ತಂದಿಟ್ಟಿದ್ದರು. ನಿಧಾನಕ್ಕೆ ಮಗುಚಿ ಹಾಕಿದರು. ಕೆಳಮುಖ ಆಗಿದ್ದರಿಂದ ಬಿಸಿಲು ಮಳೆ ತಾಗದೆ ಅಕ್ಷರಗಳು ನಿನ್ನೆ ಕೆತ್ತಿದಂತಿದ್ದವು. ತಲೆಯ ಮೇಲೆ ಸೂರ್ಯ, ಚಂದ್ರ. ಅವೆರಡು ಇರುವ ತನಕ ಈ ದಾನ ನಡೆಯಲಿ ಅಂತ. ಕೊನೆಯ ಸಾಲು ನಾನು ಗಟ್ಟಿಯಾಗಿ ಓದಿದೆ. ಇದಕ್ಕೆ ತಪ್ಪಿದವರು ಗಂಗೆಯ ತಡಿಯಲ್ಲಿ ಕಪಿಲೆಯ, ಅಂದರೆ ಹಸುವನ್ನು, ಕೊಂದ ಪಾಪದಲ್ಲಿ ಹೋಗುವರು. ಅಲ್ಲಿದ್ದವರೆಲ್ಲ ಒಮ್ಮೆಗೇ ಸುಮ್ಮನಾದರು. ಆಮೇಲೆ ಒಬ್ಬರು ಯಜಮಾನರು, "ಅಮ್ಮಾ, ಕೆರೆ ಕೆಳಗೆ ನಮ್ಮದು ಒಂದು ತುಂಡು ಐತೆ. ಅದಕ್ಕೆ ಕೊಡಿಗೆ ಗದ್ದೆ ಅಂತೀವಿ. ಯಾಕೆ ಅಂತ ಗೊತ್ತಿರಲಿಲ್ಲ" ಅಂದರು. ಪಹಣಿಯಲ್ಲಿ ಆ ಹೆಸರು ಇಲ್ಲ. ಬಾಯಲ್ಲಿ ಮಾತ್ರ ಉಳಿದಿದೆ, ಐದಾರು ನೂರು ವರ್ಷ. ಅವತ್ತಿಂದ ನೋಟ್‌ಬುಕ್ಕಿಗೆ ಇನ್ನೊಂದು ಕಾಲಂ ಸೇರಿಸಿದೆ, ಹೊಲ ಗದ್ದೆಗಳ ಕರೆಯೋ ಹೆಸರು.

ಆ ಕಲ್ಲನ್ನು ಈಗ ಶಾಲೆ ಕಾಂಪೌಂಡಿನ ಒಳಗೆ ನಿಲ್ಲಿಸಿದ್ದಾರೆ. ಪಕ್ಕಕ್ಕೆ ಒಂದು ತಗಡಿನ ಬೋರ್ಡು. ಬರಹ ನಾನೇ ಬರೆದುಕೊಟ್ಟೆ. ಯಾವ ಕಾಲದ್ದು, ಏನು ಹೇಳುತ್ತೆ, ಕೊಡಿಗೆ ಗದ್ದೆ ಎಲ್ಲಿದೆ, ಕಲ್ಲು ಮೊದಲು ಎಲ್ಲಿತ್ತು. ಕೊನೆಯದನ್ನು ಮರೆಯಬಾರದು, ಕಲ್ಲು ಜರುಗಿಸಿದರೆ ಹಳೇ ಜಾಗ ಬರೆದಿಡಲೇಬೇಕು. ಬೋರ್ಡಿನ ಖರ್ಚು ಊರಿನವರೇ ಹಾಕಿಕೊಂಡರು.

ಎಲ್ಲ ಕಡೆ ಹೀಗಾಗಲಿಲ್ಲ. ಒಂದು ಊರಿನಲ್ಲಿ ನಾವು ಫೋಟೋ ತೆಗೆದು ಬಂದ ಎರಡು ತಿಂಗಳಿಗೆ ಕಲ್ಲನ್ನು ಯಾರೋ ರಾತ್ರಿ ಕಿತ್ತು ಎರಡು ತುಂಡು ಮಾಡಿದ್ದರು. ಬುಡದಲ್ಲಿ ಆಳುದ್ದ ಗುಂಡಿ, ಪಕ್ಕದಲ್ಲಿ ನಿಂಬೆಹಣ್ಣು, ಕುಂಕುಮ. ನಿಧಿ ಆಸೆ. ಶಾಸನದ ಕೆಳಗೆ ಹೊನ್ನು ಇರುತ್ತೆ ಅನ್ನೋದು ಸುಳ್ಳು. ಅದು ಭೂಮಿ ಬಿಟ್ಟುಕೊಟ್ಟ ಪತ್ರ, ಅಥವಾ ಸತ್ತವನ ನೆನಪು, ಅಷ್ಟೇ. ಇದನ್ನು ಹೋದ ಊರಿನಲ್ಲೆಲ್ಲ ಕೂಗಿ ಹೇಳುತ್ತೇನೆ. ನಾವು ಮ್ಯಾಪಿನಲ್ಲಿ ಗುರುತು ಹಾಕಿದ್ದರಿಂದಲೇ ಅವರಿಗೆ ದಾರಿ ಸಿಕ್ಕಿತಾ ಅನ್ನೋ ನೋವು ಇನ್ನೂ ಇದೆ. ಅದಕ್ಕೇ ಈಗ ಊರೊಳಗೆ, ಗುಡಿಯಲ್ಲಿ, ಶಾಲೆಯಲ್ಲಿ ಇರುವ ಕಲ್ಲುಗಳನ್ನು ಮಾತ್ರ ಎಲ್ಲರಿಗೂ ಕಾಣುವ ಮ್ಯಾಪಿಗೆ ಹಾಕುತ್ತೇವೆ. ಹೊಲದಲ್ಲಿ ಒಂಟಿಯಾಗಿ ನಿಂತಿರುವುದರ ಜಾಗ ನಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ. ಮೇಲೆ ಊರಿನ ಹೆಸರು ಬೇಡ ಅಂದದ್ದೂ ಇದಕ್ಕೇ.

ಇನ್ನೊಂದು ಕಲ್ಲಿಗೆ ನೆರಳು ಮಾಡಿಸಿಕೊಡಿ ಅಂತ ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದೆವು. ಏಳು ತಿಂಗಳ ಮೇಲೆ ಉತ್ತರ ಬಂತು. ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಇಲ್ಲವಂತೆ. ನಮ್ಮ ಕಡೆಯ ಬಹುಪಾಲು ಕಲ್ಲುಗಳು ಯಾವ ಪಟ್ಟಿಯಲ್ಲೂ ಇಲ್ಲ. ರೈಸ್ ಪಟ್ಟಿಯಲ್ಲೂ ಅಕ್ಷರ ಇರುವ ಕಲ್ಲುಗಳದ್ದೇ ಲೆಕ್ಕ. ಬರಹವಿಲ್ಲದ ವೀರಗಲ್ಲು, ಕೈ ಎತ್ತಿ ಬಳೆ ತೋರಿಸುವ ಮಾಸ್ತಿಗಲ್ಲು, ಲಿಂಗಮುದ್ರೆಯ ಗಡಿಕಲ್ಲು, ಇವೆಲ್ಲ ಎಲ್ಲೂ ಬರೆದಿಲ್ಲ. ಅಜ್ಜಿ ನೀರು ಹಾಕುತ್ತಿದ್ದ ಈರಗಾರನೂ ಇಲ್ಲ. ನಾನು ಪುಸ್ತಕ ತೆರೆದ ದಿನ ಮೊದಲು ಹುಡುಕಿದ್ದು ಅವನನ್ನೇ. ಹಾಗಾಗಿ ನಮ್ಮ ನೋಟ್‌ಬುಕ್ಕಿನಲ್ಲಿ ಬರಹ ಇಲ್ಲದ ಕಲ್ಲಿಗೂ ನಂಬರ್ ಇದೆ, ಅಳತೆ ಇದೆ, ಊರಿನವರು ಅದನ್ನು ಏನಂತ ಕರೆಯುತ್ತಾರೆ ಅಂತ ಇದೆ.

ಶುರು ಮಾಡುವವರಿಗೆ ಒಂದು ಮಾತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಅಕ್ಷರವೂ ಅದರಲ್ಲಿ ಕಾಣುತ್ತೆ. ನಿಮ್ಮೂರಿನ ಕಲ್ಲು ಆಗಲೇ ಆಗಿದೆಯಾ ಅಂತ ನೋಡಿ. ಸ್ಕ್ಯಾನ್ ಅವರು ಮಾಡುತ್ತಾರೆ, ಆದರೆ ಕಲ್ಲು ಯಾವ ಮೋರಿಯ ಕೆಳಗಿದೆ ಅಂತ ಹೇಳಬೇಕಾದವರು ಊರಿನವರೇ ಅಲ್ವಾ?

ಈಗ ನಮ್ಮ ಪಟ್ಟಿಯಲ್ಲಿ ಬಾಕಿ ಇರುವುದರಲ್ಲಿ ಒಂದು, 'ಕೆರೆಯ ಅಂಗಳದಲ್ಲಿ' ಇದೆ ಅಂತ ರೈಸ್ ಬರೆದದ್ದು. ಊರಿನ ಮೀನು ಹಿಡಿಯುವ ಹುಡುಗ ಒಬ್ಬ ತೂಬಿನಿಂದ ಆಚೆಗೆ ಬೆರಳು ತೋರಿಸಿ, "ಅಲ್ಲಿ ಒಂದು ಕಲ್ಲು ಕಾಲಿಗೆ ತಗಲುತ್ತೆ ಅಕ್ಕ, ಮೇಲ್ಗಡೆ ಗುಂಡಗೆ ಐತೆ" ಅಂದ. ಈ ವರ್ಷ ಮಳೆ ಚೆನ್ನಾಗಿ ಆಗಿ ಕೆರೆ ಕೋಡಿ ಬಿದ್ದಿದೆ. ಏಪ್ರಿಲ್ ಹೊತ್ತಿಗೆ ನೀರು ಇಳಿದರೆ ಫೋನ್ ಮಾಡುತ್ತೇನೆ ಅಂತ ಹೇಳಿದ್ದಾನೆ.